ವಿಜಯಪುರದ ಹಳೇ ಊರಲ್ಲಿ ಮನೆ ರಿಪೇರಿ: ಅಳತೆಯಿಂದ ಅನುಮತಿವರೆಗೆ ಸಮಗ್ರ ಮಾರ್ಗದರ್ಶಿ

ವಿಜಯಪುರದ ಕೋಟೆ ಗೋಡೆಯೊಳಗೆ ಹಳೇ ಮನೆ ಇದ್ದವರಲ್ಲಿ ಒಂದು ಭಯ ಬೇರೂರಿದೆ. "ಆರ್ಕಿಯಾಲಜಿಯವರು ಒಂದು ಇಟ್ಟಂಗಿ ಇಡೋಕೂ ಬಿಡೋದಿಲ್ಲ" ಅನ್ನೋ ಮಾತು ಪ್ರತಿ ಓಣಿಯಲ್ಲೂ ಕೇಳಿಸುತ್ತದೆ. ಹೀಗೆ ಹೆದರಿ ಕೆಲವರು ಮಾಳಿಗೆ (ಮಣ್ಣಿನ ಚಾವಣಿ) ಕುಸಿಯುವ ತನಕ ಸುಮ್ಮನೆ ಕೂರುತ್ತಾರೆ. ಇನ್ನು ಕೆಲವರು ರಾತ್ರೋರಾತ್ರಿ ಪಿಲ್ಲರ್ ಎತ್ತಿ, ಆಮೇಲೆ ನೋಟಿಸ್ ಹಿಡಿದು ಕಚೇರಿ ಸುತ್ತುತ್ತಾರೆ. ಎರಡು ದಾರಿಯಲ್ಲೂ ಕೊನೆಗೆ ಹಾಳಾಗುವುದು ಮನೆಯೇ.

ಕಾನೂನು ಹೇಳುವುದು ಬೇರೆ. ಸಂರಕ್ಷಿತ ಸ್ಮಾರಕಕ್ಕೆ ಅಂಟಿಕೊಂಡಂತಿರುವ ಹಳೇ ಮನೆಯನ್ನೂ ಅನುಮತಿ ಪಡೆದು ರಿಪೇರಿ ಮಾಡಬಹುದು. ಆದರೆ ಅದಕ್ಕೊಂದು ಕ್ರಮ ಇದೆ. ಆ ಕ್ರಮವನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ಬರೆದಿದ್ದೇನೆ. ಬೆಳಗಾವಿ, ಬಾಗಲಕೋಟೆ ಕಡೆಯವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ. ಕೇಂದ್ರದ ಕಾಯ್ದೆ ಎಲ್ಲ ಕಡೆ ಒಂದೇ.

ಈ ಊರಿನ ತೊಡಕು ಎಲ್ಲಿದೆ?

ಒಂದನೇ ಅಲಿ ಆದಿಲ್‌ಶಾಹ 1565ರ ಆಸುಪಾಸು ಕಟ್ಟಿಸಿದ ಕೋಟೆ ಗೋಡೆ ಸುಮಾರು 10 ಕಿಲೋಮೀಟರ್ ಸುತ್ತಳತೆಯದು. ಅದರೊಳಗೆ ಅರಕಿಲ್ಲಾ, ಗಗನ ಮಹಲ್, ಅಸರ್ ಮಹಲ್, ಬಾರಾ ಕಮಾನ್, ಜಾಮಿಯಾ ಮಸೀದಿ, ಮೆಹತರ್ ಮಹಲ್, ಗೋಳಗುಮ್ಮಟ ಎಲ್ಲವೂ ಇವೆ. 1686ರಲ್ಲಿ ಔರಂಗಜೇಬ ಊರು ಗೆದ್ದ ಮೇಲೆ ಜನ ಕರಗುತ್ತಾ ಹೋದರು. 1880ರ ದಶಕದಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂತು. ಆಗ ಬ್ರಿಟಿಷರು ಖಾಲಿ ಬಿದ್ದಿದ್ದ ಮಹಲುಗಳನ್ನೇ ಕಚೇರಿ, ಬಂಗಲೆ ಮಾಡಿಕೊಂಡರು. ಜನವೂ ಮತ್ತೆ ಸೇರಿದರು. ಹೀಗಾಗಿ ಇಲ್ಲಿ ಸ್ಮಾರಕ ಒಂದು ಕಡೆ, ಊರು ಇನ್ನೊಂದು ಕಡೆ ಅಂತ ಇಲ್ಲ. ಬಾರಾ ಕಮಾನಿನ ಆಚೆಗೆ ಮನೆ, ಮನೆಯ ಹಿತ್ತಲಲ್ಲಿ ಗೋರಿ, ಗೋರಿಯ ಪಕ್ಕ ಚಹದ ಅಂಗಡಿ. ನಾಲ್ಕು ಹೆಜ್ಜೆಗೊಂದು ಸ್ಮಾರಕ ಇರುವುದರಿಂದ ಒಂದೇ ಮನೆ ಎರಡು ಮೂರು ಸ್ಮಾರಕಗಳ ವ್ಯಾಪ್ತಿಯಲ್ಲಿ ಬೀಳುವುದು ಇಲ್ಲಿ ಮಾಮೂಲು.

ಮೊದಲ ಹೆಜ್ಜೆ: ಯಾವ ಸ್ಮಾರಕ, ಯಾರ ಸುಪರ್ದಿ

ಮನೆಯ ಸುತ್ತ 300 ಮೀಟರ್ ಒಳಗೆ ಏನೇನಿದೆ ಅಂತ ನಡೆದು ನೋಡಿ. ದೊಡ್ಡ ಗುಮ್ಮಟಗಳನ್ನಷ್ಟೇ ಅಲ್ಲ, ಸಣ್ಣ ಮಸೀದಿ, ಗೋರಿ, ಬಾವಡಿ, ಬುರುಜು, ಕೋಟೆ ಗೋಡೆಯ ತುಂಡು, ಹಳೇ ಕಾಲದ ನೀರಿನ ಗಂಜ್ (ನೀರಿನ ಗೋಪುರ) ಎಲ್ಲವನ್ನೂ ಬರೆದುಕೊಳ್ಳಿ. ನೀಲಿ ಬಣ್ಣದ ಸಂರಕ್ಷಣಾ ಫಲಕ ಇದ್ದರೆ ಅದರ ಫೋಟೋ ತೆಗೆಯಿರಿ. ಫಲಕ ಕಾಣದಿದ್ದರೆ ಸಂರಕ್ಷಣೆಯೇ ಇಲ್ಲ ಅಂದುಕೊಳ್ಳಬೇಡಿ. ಬೋರ್ಡು ಕಿತ್ತುಹೋಗಿರಬಹುದು, ಕಾನೂನು ಹಾಗೇ ಇರುತ್ತದೆ.

ಸ್ಮಾರಕಗಳು ಎರಡು ಬಗೆ. ಕೇಂದ್ರದವು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಕೈಯಲ್ಲಿವೆ. ಅವಕ್ಕೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಮತ್ತು ಅದಕ್ಕೆ 2010ರಲ್ಲಿ ಬಂದ ತಿದ್ದುಪಡಿ ಅನ್ವಯಿಸುತ್ತದೆ. ವಿಜಯಪುರ ಆ ಇಲಾಖೆಯ ಧಾರವಾಡ ವೃತ್ತಕ್ಕೆ ಸೇರಿದೆ. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ ಕರ್ನಾಟಕದ 1961ರ ಕಾಯ್ದೆ ಇದೆ. ವಿಜಯಪುರದ ಹೆಸರಾದ ಸ್ಮಾರಕಗಳು ಬಹುತೇಕ ಕೇಂದ್ರದವೇ. ಆದ್ದರಿಂದ ಮುಂದಿನ ಮಾತೆಲ್ಲ ಮುಖ್ಯವಾಗಿ ಅವುಗಳ ಬಗ್ಗೆ.

ಅಳತೆ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಸಂರಕ್ಷಿತ ಗಡಿಯಿಂದ ಎಲ್ಲ ದಿಕ್ಕಿಗೂ ಮೊದಲ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಒಟ್ಟು 300 ಮೀಟರ್. "ಇನ್ನೂರು ಮೀಟರ್ ದಾಟಿದ್ರೆ ಸಾಕು" ಅನ್ನುವವರು 100ನ್ನು ಕೂಡಿಸಲು ಮರೆತಿರುತ್ತಾರೆ. ಇನ್ನೂ ಮುಖ್ಯವಾದ ವಿಷಯ: ಅಳತೆ ಶುರುವಾಗುವುದು ಗುಮ್ಮಟದ ಗೋಡೆಯಿಂದ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಗೋಳಗುಮ್ಮಟದ ಸುತ್ತ ಎಷ್ಟು ದೊಡ್ಡ ಅಂಗಳ, ತೋಟ ಇದೆ ನೋಡಿದ್ದೀರಲ್ವಾ? ಗುಮ್ಮಟದ ಬುಡದಿಂದ ಅಳೆದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಮೊದಲು ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ಅಂದಾಜು ಅಳತೆ ತೆಗೆಯಿರಿ. ನಿಮ್ಮ ಜಾಗದ ಯಾವ ಮೂಲೆ ಸ್ಮಾರಕಕ್ಕೆ ಹತ್ತಿರವೋ ಆ ಮೂಲೆಗೆ ಅಳೆಯಿರಿ. ಅಂದಾಜು 90 ಮೀಟರ್ ಬಂದರೂ 110 ಬಂದರೂ ನಿಮ್ಮಷ್ಟಕ್ಕೆ ತೀರ್ಮಾನಕ್ಕೆ ಬರಬೇಡಿ. ಅಂಚಿನಲ್ಲಿದ್ದೀರಿ ಅಂತ ಅರ್ಥ. ಆಗ ಸರ್ವೇಕ್ಷಣಾ ಇಲಾಖೆಯ ಸ್ಥಳೀಯ ಕಚೇರಿಗೆ ಹೋಗಿ, ಸಂರಕ್ಷಿತ ಗಡಿ ತೋರಿಸುವ ನಕಾಶೆ ಕೇಳಿ. ಬಾಯಿಮಾತಿನ ಉತ್ತರ ಸಾಲದು, ಬರವಣಿಗೆಯಲ್ಲಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಬರಬೇಕು.

ಎರಡು ಸ್ಮಾರಕಗಳ ವ್ಯಾಪ್ತಿಯಲ್ಲಿ ಮನೆ ಇದ್ದರೆ? ಒಂದರಿಂದ 250 ಮೀಟರ್, ಇನ್ನೊಂದರಿಂದ 80 ಮೀಟರ್ ಇದ್ದರೆ ನೀವು ನಿಷೇಧಿತ ಪ್ರದೇಶದಲ್ಲೇ ಇದ್ದೀರಿ. ಬಿಗಿಯಾದ ನಿಯಮ ಯಾವುದೋ ಅದೇ ಲೆಕ್ಕಕ್ಕೆ.

ನೀವು ಮಾಡುವ ಕೆಲಸಕ್ಕೆ ಕಾನೂನಿನಲ್ಲಿ ಏನು ಹೆಸರು?

ರಿಪೇರಿ, ಪುನರ್‌ನಿರ್ಮಾಣ, ಹೊಸ ನಿರ್ಮಾಣ. ಈ ಮೂರರ ಗೆರೆ ಗೊತ್ತಿಲ್ಲದೆ ಅರ್ಜಿ ಬರೆಯಬೇಡಿ.

ಇರುವ ಕಟ್ಟಡದಲ್ಲಿ ಮಾಡುವ ಬದಲಾವಣೆ ರಿಪೇರಿ ಮತ್ತು ನವೀಕರಣ. ಗಿಲಾವು ಕಿತ್ತು ಮತ್ತೆ ಮಾಡುವುದು, ಕೊಳೆತ ಜಂತಿ ಬದಲಿಸುವುದು, ಬಾಗಿಲು ಕಿಟಕಿ ಸರಿಪಡಿಸುವುದು, ನೆಲ ಹಾಸುವುದು ಇದರಲ್ಲಿ ಬರುತ್ತವೆ. ಪೂರ್ತಿ ಕೆಡವಿ ಅದೇ ಉದ್ದ, ಅಗಲ, ಎತ್ತರಕ್ಕೆ ಮತ್ತೆ ಕಟ್ಟಿದರೆ ಅದು ಪುನರ್‌ನಿರ್ಮಾಣ. ಮೇಲೊಂದು ಅಂತಸ್ತು ಏರಿಸಿದರೆ, ಖಾಲಿ ಜಾಗದಲ್ಲಿ ಕಟ್ಟಿದರೆ ಹೊಸ ನಿರ್ಮಾಣ.

100 ಮೀಟರ್ ಒಳಗೆ ಖಾಸಗಿಯವರು ಅರ್ಜಿ ಹಾಕಬಹುದಾದದ್ದು ರಿಪೇರಿ ಮತ್ತು ನವೀಕರಣಕ್ಕೆ ಮಾತ್ರ. ಅದೂ ಮನೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದಿರಬೇಕು, ಇಲ್ಲವೇ ಆಮೇಲೆ ಸರ್ವೇಕ್ಷಣಾ ಇಲಾಖೆಯ ಮಹಾನಿರ್ದೇಶಕರ ಒಪ್ಪಿಗೆ ಪಡೆದು ಕಟ್ಟಿರಬೇಕು. 100ರಿಂದ 300 ಮೀಟರ್ ನಡುವೆ ಮೂರಕ್ಕೂ ಅರ್ಜಿ ಹಾಕಬಹುದು. ಆದರೆ ಅನುಮತಿ ಬೇಕೇ ಬೇಕು.

ಇದರಿಂದ ಹೊರಡುವ ತೀರ್ಮಾನ ತುಂಬಾ ಸರಳ. ನಿಷೇಧಿತ ಪ್ರದೇಶದಲ್ಲಿ ಮನೆ ನಿಂತಿರುವವರೆಗೆ ಮಾತ್ರ ನಿಮಗೆ ದಾರಿ ತೆರೆದಿದೆ. ಮಳೆಗಾಲದಲ್ಲಿ ಕುಸಿದು ಬಿದ್ದರೆ ರಿಪೇರಿ ಮಾಡಲು ಏನೂ ಉಳಿಯುವುದಿಲ್ಲ, ಮತ್ತೆ ಕಟ್ಟಲು ಕಾನೂನು ಬಿಡುವುದಿಲ್ಲ. ಬಿರುಕು ಕಂಡ ವರ್ಷವೇ ಅರ್ಜಿ ಹಾಕಿ ಅಂತ ನಾನು ಎಲ್ಲರಿಗೂ ಒತ್ತಿ ಹೇಳುವುದು ಇದಕ್ಕೇ.

ಮಾಳಿಗೆ ತೆಗೆದು ಆರ್‌ಸಿಸಿ ಹಾಕಬಹುದಾ ಅನ್ನುವುದು ಎಲ್ಲರ ಪ್ರಶ್ನೆ. ಅದನ್ನು "ರಿಪೇರಿ" ಅಂತ ನೀವೇ ಹೆಸರಿಟ್ಟು ಶುರು ಮಾಡಬೇಡಿ. ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದು ಕೇಳಿ. ಅನುಮತಿ ಪತ್ರದಲ್ಲಿ ಬರೆದಷ್ಟೇ ನಿಮ್ಮದು.

ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಷೇಧಿತ ಪ್ರದೇಶಕ್ಕೂ ನಿಯಂತ್ರಿತ ಪ್ರದೇಶಕ್ಕೂ ಶಿಕ್ಷೆ ಇಷ್ಟೇ.

ಕಾಗದ ಪತ್ರ ಜೋಡಿಸುವುದು

ಸಿಟಿ ಸರ್ವೆ ಕಚೇರಿಯಿಂದ ನಿಮ್ಮ ಸಿಟಿಎಸ್ ನಂಬರಿನ ಉತಾರ ಮತ್ತು ನಕಾಶೆ ತೆಗೆಸಿ. ಖರೀದಿ ಪತ್ರ ಅಥವಾ ವಾಟ್ನಿ (ಪಾಲು ವಿಭಾಗ) ಪತ್ರ, ಪಾಲಿಕೆಯ ಖಾತೆ, ಈ ವರ್ಷದವರೆಗಿನ ಘರಪಟ್ಟಿ ಪಾವತಿ ಸೇರಿಸಿ. ಹಳೇ ಊರಿನ ಮನೆಗಳಲ್ಲಿ ತೊಡಕು ಹೆಚ್ಚಾಗಿ ಇರುವುದು ವಾರಸಾದಲ್ಲಿ. ಉತಾರದಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರೇ ಇರುತ್ತದೆ, ಕಾಕಾ ದೊಡ್ಡಪ್ಪಂದಿರ ಮಕ್ಕಳು ಪುಣೆ, ಸೊಲ್ಲಾಪುರದಲ್ಲಿರುತ್ತಾರೆ. ಎಲ್ಲ ಹಕ್ಕುದಾರರ ಸಹಿ ಮಾಡಿಸುವುದು ಯಾವ ಕಚೇರಿ ಕೆಲಸಕ್ಕಿಂತಲೂ ಜಾಸ್ತಿ ಸಮಯ ತಿನ್ನುತ್ತದೆ. ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗಲೇ ಕೂತು ಮಾತಾಡಿ ಒಪ್ಪಿಗೆ ಪತ್ರ ಮಾಡಿಸಿಕೊಳ್ಳಿ.

1992ಕ್ಕಿಂತ ಮೊದಲೇ ಮನೆ ಇತ್ತು ಅನ್ನುವುದಕ್ಕೆ ಪುರಾವೆ ಬೇಕು. ಹಳೇ ಸರ್ವೆ ದಾಖಲೆ, ಆ ಕಾಲದ ಕರದ ಪಾವತಿ, ಕೆಇಬಿ ಬಿಲ್, ನಳದ ಬಿಲ್, ಹಳೇ ಬಾಡಿಗೆ ಕರಾರು ನಡೆಯುತ್ತವೆ. ಮನೆ ಮುಂದೆ ಚಪ್ಪರ ಹಾಕಿ ತೆಗೆದ ಮದುವೆ ಫೋಟೋ ಇದ್ದರೆ ಅದನ್ನೂ ಜೊತೆಗಿಡಿ. ಅದೊಂದೇ ಸಾಕಾಗದು, ಆದರೆ ಉಳಿದ ದಾಖಲೆಗೆ ಬಲ ಕೊಡುತ್ತದೆ.

ಮನೆಯ ತಪಾಸಣೆ

ಅರ್ಜಿಗೆ ಮೊದಲು ಮನೆಗೆ ಆಗಿರುವುದೇನು ಅಂತ ತಿಳಿಯಬೇಕು. ಒಬ್ಬ ಸಿವಿಲ್ ಎಂಜಿನಿಯರ್ ಮತ್ತು ಮಾಳಿಗೆ ಮನೆ ಕೆಲಸ ಗೊತ್ತಿರುವ ಹಿರಿಯ ಗೌಂಡಿ, ಇಬ್ಬರನ್ನೂ ಒಟ್ಟಿಗೆ ಕರೆಸಿ. ಎಂಜಿನಿಯರ್ ಒಬ್ಬರೇ ಬಂದರೆ "ಕೆಡವಿ ಬಿಡ್ರಿ" ಅನ್ನುವ ಸಾಧ್ಯತೆ ಹೆಚ್ಚು. ಗೌಂಡಿ ಒಬ್ಬರೇ ಬಂದರೆ ಅರ್ಜಿಗೆ ಬೇಕಾದ ವರದಿ ಸಿಗುವುದಿಲ್ಲ.

ಮೊದಲು ಮೇಲೆ ಹತ್ತಿ. ನಮ್ಮ ಕಡೆ ಮಾಳಿಗೆ ಸೋರಿದಾಗಲೆಲ್ಲ ಮೇಲೆ ಸವಳು ಮಣ್ಣು ಹಾಕುತ್ತಾ ಬಂದಿದ್ದೇವೆ. ತಲೆಮಾರುಗಟ್ಟಲೆ ಹೀಗೆ ಹಾಕಿದರೆ ಮಣ್ಣಿನ ಪದರ ದಪ್ಪವಾಗಿ, ಆ ಭಾರಕ್ಕೆ ತೊಲೆ ಬಾಗುತ್ತದೆ. ತೊಲೆ, ಜಂತಿಗಳು ಗೋಡೆಯೊಳಗೆ ಕೂತಿರುವ ತುದಿಗಳನ್ನು ಮೊಳೆಯಿಂದ ಚುಚ್ಚಿ ನೋಡಿ. ಮೊಳೆ ಸಲೀಸಾಗಿ ಇಳಿದರೆ ಅಲ್ಲಿ ಗೆದ್ದಲು ಇಲ್ಲವೇ ಕೊಳೆತ ಇದೆ. ಮಳೆನೀರು ಹೊರಹಾಕುವ ದೋಣಿ ಮುಚ್ಚಿಹೋಗಿದೆಯಾ, ಗೋಡೆ ಬುಡದಲ್ಲಿ ಗಟಾರದ ನೀರು ನಿಲ್ಲುತ್ತದೆಯಾ ನೋಡಿ. ಕರಿಕಲ್ಲಿನ ಗೋಡೆ ಹೊಟ್ಟೆ ಉಬ್ಬಿದ್ದರೆ ಕೂಡಲೇ ಟೇಕು (ಆಸರೆ) ಕೊಡಿಸಿ, ಅದಕ್ಕೆ ತಡ ಬೇಡ.

ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯಲು ಅದರ ಮೇಲೆ ಅಡ್ಡಲಾಗಿ ಸಣ್ಣ ಗಾಜಿನ ಪಟ್ಟಿ ಅಂಟಿಸಿ, ದಿನಾಂಕ ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ. ಪ್ರತಿ ಕೋಣೆ, ಪಡಸಾಲೆ, ಹಿತ್ತಲು, ಬೀದಿ ಕಡೆಯ ಮುಖ, ಅಗಸಿ ಬಾಗಿಲಿನ ಕೆತ್ತನೆ, ಬೆಳಕಿಂಡಿ, ಹಗೇವು ಎಲ್ಲವನ್ನೂ ದಿನಾಂಕ ಬರುವಂತೆ ಫೋಟೋ ತೆಗೆಯಿರಿ. ಕೆಲಸ ಮುಗಿದ ಮೇಲೆ "ಮೊದಲು ಹೀಗಿರಲಿಲ್ಲ" ಅಂತ ಯಾರಾದರೂ ದೂರು ಕೊಟ್ಟರೆ ಈ ಫೋಟೋಗಳೇ ನಿಮ್ಮ ಸಾಕ್ಷಿ.

ಪಾಲಿಕೆಯಿಂದ "ಅಪಾಯಕಾರಿ ಕಟ್ಟಡ" ಅಂತ ನೋಟಿಸ್ ಬಂದರೆ ಗಾಬರಿಯಾಗಿ ಕೆಡವಬೇಡಿ. ಎಂಜಿನಿಯರ್ ವರದಿ, ಟೇಕು ಕೊಟ್ಟ ಫೋಟೋ, ಹಾಕಿದ ಅರ್ಜಿಯ ಪ್ರತಿ ಲಗತ್ತಿಸಿ ಲಿಖಿತ ಉತ್ತರ ಕೊಡಿ. ಜೀವಕ್ಕೆ ಅಪಾಯ ಇದ್ದರೆ ಮಾತ್ರ ಮೊದಲು ಮನೆ ಖಾಲಿ ಮಾಡಿ. ಅದರಲ್ಲಿ ರಾಜಿ ಬೇಡ.

ಅರ್ಜಿ

ಕೇಂದ್ರ ಸ್ಮಾರಕದ ವ್ಯಾಪ್ತಿಯಲ್ಲಿ ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಿಗೆ, ಅಂದರೆ ಅನುಮತಿ ಕೊಡುವ ಅಧಿಕಾರ ಇರುವ ಅಧಿಕಾರಿಗೆ. ಅವರು ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸುತ್ತಾರೆ. ಆನ್‌ಲೈನ್‌ನಲ್ಲೇ ಹಾಕುವ ವ್ಯವಸ್ಥೆ ಇದೆ. ಒಡೆತನದ ದಾಖಲೆ, ಈಗಿರುವ ಮನೆಯ ಮತ್ತು ಮಾಡಲಿರುವ ಕೆಲಸದ ನಕ್ಷೆಗಳು, ಫೋಟೋಗಳು, ಸ್ಮಾರಕದಿಂದ ದೂರ ತೋರಿಸುವ ಉಪಗ್ರಹ ಚಿತ್ರ ಬೇಕಾಗುತ್ತವೆ. ಎತ್ತರ ಬರೆಯುವಾಗ ಮೆಟ್ಟಿಲ ಕೋಣೆ, ಪ್ಯಾರಾಪೆಟ್, ನೀರಿನ ಟ್ಯಾಂಕ್ ಎಲ್ಲ ಸೇರಿಸಿ ಬರೆಯಿರಿ. ಟ್ಯಾಂಕ್ ಬಿಟ್ಟು ಎತ್ತರ ತೋರಿಸಿದ ಅರ್ಜಿಗೆ ಪ್ರಶ್ನೆ ಬಂದೇ ಬರುತ್ತದೆ.

ಕೆಲಸದ ವಿವರವನ್ನು "ಮನೆ ದುರಸ್ತಿ" ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ. "ಪಡಸಾಲೆಯ ಮೇಲಿನ ಇಷ್ಟು ಕೊಳೆತ ಜಂತಿ ಬದಲಿಸುವುದು, ಮಾಳಿಗೆಯ ಎತ್ತರ ಈಗಿರುವಷ್ಟೇ, ಬೀದಿ ಕಡೆಯ ಗೋಡೆಗೆ ಸುಣ್ಣದ ಗಾರೆ, ಹೊಸ ಕಿಟಕಿ ಇಲ್ಲ" ಅಂತ ಬಿಡಿಸಿ ಬರೆಯಿರಿ. ನಿಮ್ಮ ಸ್ಮಾರಕಕ್ಕೆ ಪಾರಂಪರಿಕ ಉಪವಿಧಿ (ಆ ಸ್ಮಾರಕದ ಸುತ್ತಲಿಗೇ ಮಾಡಿದ ಕಟ್ಟಡ ನಿಯಮ) ಪ್ರಕಟವಾಗಿದೆಯಾ ಅಂತಲೂ ಅದೇ ಹೊತ್ತಿಗೆ ವಿಚಾರಿಸಿ. ಪ್ರಕಟವಾಗಿದ್ದರೆ ಎತ್ತರ, ಮುಂಭಾಗ, ಬಳಸುವ ಸಾಮಗ್ರಿ ಬಗ್ಗೆ ಅದರಲ್ಲಿ ಇರುವುದನ್ನು ಓದಿಯೇ ನಕ್ಷೆ ಮಾಡಿಸಿ.

ಕಾಯ್ದೆಯಲ್ಲಿ ಕಾಲಮಿತಿ ಇದೆ. ಸಕ್ಷಮ ಪ್ರಾಧಿಕಾರಿ 15 ದಿನದಲ್ಲಿ ಅರ್ಜಿ ಮುಂದೆ ಕಳಿಸಬೇಕು. ರಾಷ್ಟ್ರೀಯ ಪ್ರಾಧಿಕಾರ ಎರಡು ತಿಂಗಳಲ್ಲಿ ಶಿಫಾರಸು ಹೇಳಬೇಕು. ಅದು ಬಂದ ಒಂದು ತಿಂಗಳಲ್ಲಿ ಅನುಮತಿ ಅಥವಾ ನಿರಾಕರಣೆ ನಿಮಗೆ ತಿಳಿಯಬೇಕು. ಒಟ್ಟು ಮೂರೂವರೆ ತಿಂಗಳು. ದಸರಾ ಹೊತ್ತಿಗೆ ಅರ್ಜಿ ಹಾಕಿದರೆ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿದ ಮೇಲೆ ಕೆಲಸ ಹಿಡಿಯಬಹುದು. ಮಳೆಗೆ ಮೊದಲು ಮಾಳಿಗೆ ಮುಚ್ಚಲು ಸಾಕಷ್ಟು ಸಮಯ ಸಿಗುತ್ತದೆ. ಯುಗಾದಿಗೆ ಅರ್ಜಿ ಹಾಕಿದವರು ಮಳೆಗಾಲದಲ್ಲಿ ಮಾಳಿಗೆ ತೆರೆದು ಕೂರಬೇಕಾಗುತ್ತದೆ.

ಪಾಲಿಕೆ, ಪ್ರಾಧಿಕಾರ

ಸ್ಮಾರಕದ ಅನುಮತಿ ಸಿಕ್ಕರೆ ಎಲ್ಲ ಮುಗಿಯಲಿಲ್ಲ. ಕಟ್ಟಡ ಪರವಾನಗಿ ಮಹಾನಗರ ಪಾಲಿಕೆಯದು. ಜಾಗದ ಬಳಕೆ ವಿಷಯ ನಗರಾಭಿವೃದ್ಧಿ ಪ್ರಾಧಿಕಾರದ್ದು. ಮನೆಯನ್ನು ಮನೆಯಾಗಿಯೇ ರಿಪೇರಿ ಮಾಡುವವರಿಗೆ ಇಲ್ಲಿ ಹೆಚ್ಚು ತೊಂದರೆ ಇಲ್ಲ.

ಬಳಕೆ ಬದಲಿಸುವವರು ಮಾತ್ರ ಊರಿನ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕಾಶೆ ನೋಡಲೇಬೇಕು. ಅದರಲ್ಲಿ ವಸತಿ ಹಳದಿ, ವಾಣಿಜ್ಯ ನೀಲಿ, ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಬಳಕೆ ಕೆಂಪು, ಉದ್ಯಾನ ಹಸಿರು. ಪಡಸಾಲೆಯಲ್ಲಿ ಅಂಗಡಿ, ಮೇಲೆ ಪ್ರವಾಸಿಗರಿಗೆ ಕೋಣೆ ಮಾಡುವ ಆಸೆ ಈಗ ಬಹಳ ಜನರಿಗಿದೆ. ಒಳ್ಳೆಯದೇ. ಮನೆಯಿಂದ ನಾಲ್ಕು ಕಾಸು ಬಂದರೆ ಮನೆ ಉಳಿಯುತ್ತದೆ. ಆದರೆ ಹಳದಿ ವಲಯದಲ್ಲಿ ಎಷ್ಟರ ಮಟ್ಟಿಗೆ ಅದಕ್ಕೆ ಅವಕಾಶ ಅನ್ನುವುದು ವಲಯ ನಿಯಮಾವಳಿಯಲ್ಲಿದೆ. ಮೊದಲು ಆ ಪುಟದ ಪ್ರತಿ ಕೇಳಿ ತೆಗೆದುಕೊಳ್ಳಿ.

ಕೆಲಸ ಮಾಡಿಸುವಾಗ

ಗೌಂಡಿಗೆ ಹೇಳಬೇಕಾದ ಮೊದಲ ಮಾತು: "ಅಣ್ಣಾ, ಹಳೇ ಗೋಡೆಗೆ ಸಿಮೆಂಟ್ ಬ್ಯಾಡ." ಅವರು ಒಪ್ಪುವುದಿಲ್ಲ. ಸಿಮೆಂಟ್ ಬೇಗ ಗಟ್ಟಿಯಾಗುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ಕಲ್ಲು, ಮಣ್ಣು, ಸುಣ್ಣದ ಗೋಡೆ ನೆಲದ ತೇವವನ್ನು ಹೀರಿ ಹೊರಗೆ ಬಿಡುತ್ತಿರುತ್ತದೆ. ಅದಕ್ಕೆ ಸಿಮೆಂಟ್ ಬಳಿಯುವುದು ಬೆವರುವ ಮೈಗೆ ರೇನ್‌ಕೋಟ್ ತೊಡಿಸಿದ ಹಾಗೆ. ತೇವ ಒಳಗೇ ಉಳಿಯುತ್ತದೆ, ಉಪ್ಪು ಹೊಮ್ಮುತ್ತದೆ, ಗೋಡೆ ಒಳಗಿನಿಂದ ಪುಡಿಯಾಗುತ್ತದೆ. ಹೊರಗಿನ ಗಿಲಾವು ಮಾತ್ರ ಗಟ್ಟಿಮುಟ್ಟಾಗಿ ಕಾಣುತ್ತಿರುತ್ತದೆ, ಒಂದು ದಿನ ಚಕ್ಕೆ ಚಕ್ಕೆಯಾಗಿ ಬೀಳುತ್ತದೆ.

ಸುಣ್ಣದ ಗಾರೆಗೆ ತಾಳ್ಮೆ ಬೇಕು. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ಕನಿಷ್ಠ ಎರಡು ಮೂರು ವಾರ ನೀರಲ್ಲೇ ಮುಚ್ಚಿಡಬೇಕು. ಹೆಚ್ಚು ದಿನ ಇಟ್ಟಷ್ಟೂ ಒಳ್ಳೆಯದು. ಅರಳಿಸುವಾಗ ನೀರು ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಕನ್ನಡಕ, ಕೈಗವಸು ಹಾಕಿಸಿ, ಮಕ್ಕಳನ್ನು ದೂರ ಇಡಿ. ಆಮೇಲೆ ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಮರಳು. ಮರಳಿನಲ್ಲಿ ಒಂದಿಷ್ಟರ ಬದಲು ಇಟ್ಟಂಗಿ ಪುಡಿ ಸೇರಿಸಿದರೆ ತೇವ ಇರುವ ಜಾಗದಲ್ಲೂ ಗಾರೆ ಗಟ್ಟಿಯಾಗುತ್ತದೆ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವ ಹಳೇ ರೂಢಿಯೂ ಇದೆ. ಮೊದಲು ಗೋಡೆಯ ಒಂದು ಮೂಲೆಯಲ್ಲಿ ಸ್ವಲ್ಪ ಬಳಿದು, ಒಣಗಿದ ಮೇಲೆ ಬಿರುಕು ಬರುತ್ತದಾ ನೋಡಿ, ಅಳತೆ ಸರಿಮಾಡಿಕೊಳ್ಳಿ. ನಮ್ಮ ಬಿಸಿಲಿಗೆ ಗಾರೆ ಬೇಗ ಒಣಗಿದರೆ ಸೀಳುತ್ತದೆ. ಒದ್ದೆ ಗೋಣಿ ಚೀಲ ಇಳಿಬಿಟ್ಟು ಒಂದು ವಾರವಾದರೂ ತಂಪಾಗಿಡಿ. ಮೇಲೆ ಪ್ಲಾಸ್ಟಿಕ್ ಪೇಂಟ್ ಬೇಡ, ಸುಣ್ಣವನ್ನೇ ಹಚ್ಚಿ.

ಮಾಳಿಗೆಯ ಹೆಚ್ಚುವರಿ ಮಣ್ಣನ್ನು ಎರಡೂ ಕಡೆಯಿಂದ ಸಮನಾಗಿ ಇಳಿಸಬೇಕು. ಒಂದೇ ಕಡೆ ಗುಡ್ಡೆ ಹಾಕಿದರೆ ಬಾಗಿದ ತೊಲೆ ಅಲ್ಲೇ ಮುರಿಯುತ್ತದೆ. ಜಂತಿಗಳನ್ನು ಟೇಕು ಕೊಟ್ಟು ಒಂದೊಂದಾಗಿ ಬದಲಿಸಿ. ಗಟ್ಟಿ ಇರುವ ಹಳೇ ಕಟ್ಟಿಗೆಯನ್ನು ಗುಜರಿಗೆ ಹಾಕಬೇಡಿ.

ನೆಲ ಅಗೆಯುವಾಗ ಕೈ ತಡೆದು ಅಗೆಯಿರಿ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ, ಆಮೇಲೆ 1651ರ ಬೇಗಂ ತಲಾಬದಿಂದ ಊರಿಗೆ ನೆಲದಡಿಯಲ್ಲಿ ನೀರು ಬರುತ್ತಿತ್ತು. ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆ, ಕಮಾನಿನ ಸುರಂಗ, ಮುಚ್ಚಿಹೋದ ಬಾವಿ ಏನಾದರೂ ಕಂಡರೆ ಕೆಲಸ ನಿಲ್ಲಿಸಿ, ಫೋಟೋ ತೆಗೆದು ಸರ್ವೇಕ್ಷಣಾ ಇಲಾಖೆಗೆ ತಿಳಿಸಿ. ಅದರೊಳಗೆ ಶೌಚದ ಪೈಪು ಬಿಡುವುದನ್ನಂತೂ ಯಾರೂ ಮಾಡಬಾರದು. ತಾಜ್ ಬಾವಡಿ, ಚಾಂದ್ ಬಾವಡಿಯ ಊರು ಇದು. ನಾಣ್ಯ, ಶಾಸನ, ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅದಕ್ಕೆ ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆಯೇ ಇದೆ.

ಓಣಿಯವರೆಲ್ಲ ಸೇರಿ ಮಾಡುವ ಕೆಲಸ

ಒಂದು ಮನೆ ಉಳಿಸಿ, ಪಕ್ಕದಲ್ಲಿ ಅಳತೆ ಮೀರಿದ ಕಾಂಪ್ಲೆಕ್ಸ್ ಎದ್ದರೆ ಓಣಿ ಉಳಿಯುವುದಿಲ್ಲ. ಸ್ಮಾರಕದ ಕಾಯ್ದೆ ಸ್ಮಾರಕವನ್ನು ನೋಡುತ್ತದೆ, ನಮ್ಮ ಸಾದಾ ಕಲ್ಲಿನ ಮನೆಗಳನ್ನಲ್ಲ. ಅವುಗಳಿಗೆ ಇರುವ ದಾರಿ ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಪಾರಂಪರಿಕ ಕಟ್ಟಡ ಮತ್ತು ಪಾರಂಪರಿಕ ಪ್ರದೇಶ ಅಂತ ಘೋಷಿಸಲು ಅದರಲ್ಲಿ ಅವಕಾಶ ಇದೆ.

ಓಣಿಯ ಪಟ್ಟಿ ಮಾಡಿ. ಪ್ರತಿ ಮನೆಗೆ ಒಂದು ಹಾಳೆ ಸಾಕು: ಸಿಟಿಎಸ್ ನಂಬರ್, ಎಷ್ಟು ಅಂತಸ್ತು, ಗೋಡೆ ಯಾವುದರದು, ಯಾವ ಕಟ್ಟಿಗೆ, ಕೆತ್ತನೆ ಇದೆಯಾ, ಈಗ ಬಳಕೆ ಏನು, ಸ್ಥಿತಿ ಹೇಗಿದೆ, ಎರಡು ಫೋಟೋ. ಬಾವಿ, ಕಟ್ಟೆ, ಹಳೇ ಮರ ಕೂಡ ಬರಲಿ. ಕಾಲೇಜಿನ ಎಂಜಿನಿಯರಿಂಗ್, ಇತಿಹಾಸದ ಹುಡುಗ ಹುಡುಗಿಯರನ್ನು ಕರೆದರೆ ಉಮೇದಿನಿಂದ ಬರುತ್ತಾರೆ. ಮನೆ ಮಾಲೀಕರ ಒಪ್ಪಿಗೆ ಇಲ್ಲದೆ ಯಾರ ಮನೆಯನ್ನೂ ಪಟ್ಟಿಗೆ ಸೇರಿಸಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಒತ್ತಾಯದಿಂದ ಸೇರಿಸಿದ ಮನೆ ಮರುವರ್ಷವೇ ನೆಲಸಮ ಆಗುತ್ತದೆ.

ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಕರಡು ಪ್ರಕಟವಾದಾಗ ಸಾರ್ವಜನಿಕರಿಗೆ 60 ದಿನ ಕಾಲಾವಕಾಶ ಇರುತ್ತದೆ. ಯಾವುದೋ ಒಂದು ಜಾಗದ ಬಳಕೆ ಬದಲಿಸುವ ಪ್ರಸ್ತಾವ ಬಂದರೆ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆಗೆ ಬಿಡುತ್ತಾರೆ. ಪೇಪರಿನ ಒಳಪುಟದ ಸಣ್ಣ ಅಕ್ಷರದ ಪ್ರಕಟಣೆಗಳನ್ನು ದಿನಾ ನೋಡಲು ಓಣಿಯಲ್ಲಿ ಒಬ್ಬರಿಗೆ ವಹಿಸಿ.

ಆಕ್ಷೇಪಣೆಯಲ್ಲಿ "ನಮ್ಮ ಪರಂಪರೆ ಉಳಿಸಿ" ಅಂತಷ್ಟೇ ಬರೆದರೆ ಫೈಲಿಗೆ ಸೇರುತ್ತದೆ, ಅಷ್ಟೇ. ಸರ್ವೆ ನಂಬರ್, ರಸ್ತೆಯ ಈಗಿನ ಅಗಲ, ಅಗಲೀಕರಣದ ಗೆರೆ ಎಷ್ಟು ಮನೆಗಳನ್ನು ತಿನ್ನುತ್ತದೆ, ಯಾವ ಸ್ಮಾರಕದಿಂದ ಎಷ್ಟು ಮೀಟರ್, ಬದಲಿಗೆ ಏನು ಮಾಡಬಹುದು ಅಂತ ಬರೆಯಿರಿ. ಬೀದಿ ಅಗಲ ಮಾಡುವ ಬದಲು ಏಕಮುಖ ಸಂಚಾರ, ಪಾರ್ಕಿಂಗ್ ಕೋಟೆ ಗೋಡೆಯಿಂದ ಹೊರಗೆ, ಓಣಿಯಲ್ಲಿ ಇಂತಿಷ್ಟೇ ಅಂತಸ್ತು ಅಂತ ನಿಮ್ಮ ಸಲಹೆ ಸ್ಪಷ್ಟವಾಗಿರಲಿ. ಮಾಡಿದ ಮನೆಗಳ ಪಟ್ಟಿಯನ್ನೇ ಲಗತ್ತಿಸಿ. ಪ್ರತಿಯೊಬ್ಬರೂ ತಮ್ಮ ಹೆಸರಲ್ಲಿ ಬೇರೆ ಬೇರೆ ಅರ್ಜಿ ಕೊಡಿ, ಆವಕ ನಂಬರ್ ಹಾಕಿಸಿಕೊಂಡ ಪ್ರತಿಯನ್ನು ಮನೆಯ ಉತಾರದ ಜೊತೆ ಒಂದೇ ಫೈಲಿನಲ್ಲಿಡಿ.